ಕೇದಾರಕಂಠದ ಹಿಮದಾಗ ಮೂರು ಸಲ: ನಮ್ಮ ಹುಬ್ಬಳ್ಳಿ ಕಡಿಯಿಂದ ಹೋಗೋರಿಗೆ

ಡಿಸೆಂಬರ್ ಹತ್ರ ಬಂತಂದ್ರ ಸಾಕು, ನಮ್ಮ ಕಡಿ ಹುಡುಗ್ರು ಒಬ್ರಲ್ಲ ಒಬ್ರು ಫೋನ್ ಮಾಡಿ ಹಿಮಾಲಯದ ಕೇದಾರಕಂಠ ಗುಡ್ಡದ್ದು ಕೇಳ್ತಾರ, ಹೆಂಗ ಹೋಗೋದು, ಥಂಡಿ ಎಷ್ಟ ಇರ್ತೈತಿ, ಒಬ್ಬನ ಹೋದ್ರ ನಡೀತೈತೇನು ಅಂತ. ಅರ್ಧಾ ತಾಸು ಮಾತಾಡಿದ್ರೂ ಮುಖ್ಯ ಮಾತು ಬಿಟ್ಟ ಹೋಗಿರ್ತೈತಿ, ಅದಕ್ಕ ಒಂದ್ಸಲ ಕುಂತು ಬರದಬಿಡೂಣು ಅನಸ್ತು. ನಾನು 2018ರಾಗ ದೋಸ್ತರ ಜೋಡಿ ಹೋಗಿದ್ದೆ, 2022ರಾಗ ಒಬ್ಬನ, 2024ರಾಗ ಮತ್ತ ದೋಸ್ತರ ಜೋಡಿ. ಹಿಮಾಲಯದಾಗ ಇದಕ್ಕಿಂತ ದೊಡ್ಡವು ಬೇಕಾದಷ್ಟ ಅದಾವು, ಆದ್ರ ರಜಾ ಸಿಕ್ತಂದ್ರ ನನ್ನ ಮನಸ್ಸು ಇದರ ಕಡೆನ ಎಳೀತೈತಿ.

ಗುಡ್ಡ ಇರೋದು ಉತ್ತರಾಖಂಡದ ಉತ್ತರಕಾಶಿ ಜಿಲ್ಲಾದಾಗ, ಗೋವಿಂದ ಪಶು ವಿಹಾರ ಅನ್ನೋ ಅಭಯಾರಣ್ಯದೊಳಗ. ತುದಿ 12,500 ಅಡಿ. ಹತ್ತಾಕ ಸುರು ಮಾಡೋದು ಸಾಂಕ್ರಿ ಅನ್ನೋ ಹಳ್ಳಿಯಿಂದ, ಅದ 6,400 ಅಡಿ ಆಸುಪಾಸು ಐತಿ. ನಮ್ಮ ಹುಬ್ಬಳ್ಳಿ ಎರಡು ಸಾವಿರದ ಚಿಲ್ಲರ ಅಡಿ ಅಷ್ಟ, ಅಂದ್ರ ಒಂದು ಹೆಜ್ಜಿನೂ ಹತ್ತೂಕಿಂತ ಮೊದಲ ನೀವು ಊರಿನ ಮೂರು ಪಟ್ಟು ಎತ್ತರದಾಗ ನಿಂತಿರ್ತೀರಿ. ಅದಕ್ಕ ಸಾಂಕ್ರಿಯಾಗ ಒಂದು ರಾತ್ರಿ ಸುಮ್ನ ಮಲಗ್ರಿ, ಬಂದ ದಿನಾನ ಹತ್ತೋ ಅವಸರ ಬ್ಯಾಡ.

ಹೋಗೋದು ಹೆಂಗಂದ್ರ, ಸಂಪರ್ಕ ಕ್ರಾಂತಿ ಹುಬ್ಬಳ್ಳಿ ಮ್ಯಾಲೆ ಹಾದು ದಿಲ್ಲಿಗೆ ಹೋಗ್ತೈತಿ, ಎರಡು ರಾತ್ರಿ ಟ್ರೇನಿನ್ಯಾಗ ಹೋಗ್ತಾವು, ದಿಲ್ಲಿಯಿಂದ ಡೆಹ್ರಾಡೂನ್‌ಗೆ ರಾತ್ರಿ ಬಸ್ಸು. ಡೆಹ್ರಾಡೂನ್ ರೈಲ್ವೆ ಸ್ಟೇಷನ್ ಹತ್ರ ಮುಂಜಾನೆ ಆರು ಏಳಕ್ಕ ಸಾಂಕ್ರಿ ಗಾಡಿ ಬಿಡ್ತಾವು, ತಡಾ ಮಾಡಿದ್ರ ಆ ದಿನ ಹೋತು. ಮಸೂರಿ, ಪುರೋಲಾ, ಮೋರಿ ಮ್ಯಾಲೆ ಸುಮಾರು 200 ಕಿಲೋಮೀಟರ್, ಆದ್ರ ಬರೇ ತಿರುವು, ಒಂಬತ್ತು ಹತ್ತು ತಾಸು ಬೇಕು. ವಾಂತಿ ಆಗೋರು ಮುಂದಿನ ಸೀಟು ಹಿಡೀರಿ. ರೊಕ್ಕ ಪುರೋಲಾದಾಗ ತಕ್ಕೊಂಡಬಿಡ್ರಿ, ಅಲ್ಲಿಂದ ಮುಂದ ಎಟಿಎಂ ನಂಬಬ್ಯಾಡ್ರಿ. ನೈಟ್ವಾಡದಾಗ ರೂಪಿನ್ ಮತ್ತ ಸುಪಿನ್ ಎರಡು ಹೊಳಿ ಕೂಡಿ ಟೋನ್ಸ್ ಆಗ್ತಾವು, ಅಲ್ಲೇ ಫಾರೆಸ್ಟ್ ಚೆಕ್‌ಪೋಸ್ಟ್, ಆಧಾರ್ ಜೆರಾಕ್ಸ್ ಎರಡ್ಮೂರು ಕೈಯಾಗ ಇರ್ಲಿ.

ತಯಾರಿ ನಮ್ಮೂರಾಗ ಆಗ್ತೈತಿ. ಎರಡು ತಿಂಗಳ ಮೊದಲ ನೃಪತುಂಗ ಬೆಟ್ಟ ಹತ್ತಾಕ ಚಾಲೂ ಮಾಡ್ರಿ, ಬೆನ್ನಿಗೆ ಎಂಟು ಕಿಲೋ ಚೀಲ ಹಾಕ್ಕೊಂಡು, ಒಂದ ಸಲ ಅಲ್ಲ, ಇಳದು ಮತ್ತ ಹತ್ತಿ ಮತ್ತ ಇಳೀರಿ. ಐತವಾರ ಸಿಕ್ರ ಗದಗ ಕಡಿ ಕಪ್ಪತಗುಡ್ಡಕ್ಕ ಹೋಗ್ರಿ, ಅದು 2019ರಿಂದ ಅಭಯಾರಣ್ಯ ಆಗೇತಿ, ಎಲ್ಲಿತನಕ ಹೋಗಬಹುದು ಅಂತ ಫಾರೆಸ್ಟ್‌ನವರನ್ನ ಕೇಳಿ ಹೋಗ್ರಿ. ಗಾಳಿಗುಂಡಿ ಬಸವಣ್ಣನ ಹತ್ರ ಬೀಸೋ ಗಾಳಿಯಾಗ ನಿಂತು ಜಾಕೆಟ್ ಪರೀಕ್ಷಾ ಮಾಡ್ಕೋರಿ, ಅಲ್ಲಿ ಗಾಳಿ ಒಳಗ ಬಂತಂದ್ರ ಕೇದಾರಕಂಠದ ದಿನ್ನಿ ಮ್ಯಾಲೆ ಅದು ಕೆಲಸಕ್ಕ ಬರಂಗಿಲ್ಲ.

ಇನ್ನ ನಾ ಹೇಳಬೇಕಂತ ಕುಂತಿರೋ ಮಾತಿಗೆ ಬರ್ತೀನಿ. ಗುಡ್ಡ ಹತ್ತೋದು ಕಾಲಿನ ಕೆಲಸ, ದಮ್ಮು ಇದ್ದಾವ ಯಾವನೂ ಹತ್ತತಾನ. ಆದ್ರ ಹಿಮದ ಮ್ಯಾಲೆ ರಾತ್ರಿ ಚಲೋ ಹೋಗೋದು ಬಿಡೋದು ಸಂಜಿ ನಾಲ್ಕರಿಂದ ಆರರ ಒಳಗ ನೀವೇನ್ ಮಾಡ್ತೀರಿ ಅನ್ನೋದರ ಮ್ಯಾಲೆ ಐತಿ. ಹೊತ್ತು ಗುಡ್ಡದ ಹಿಂದ ಸರೀತು ಅಂದ್ರ ಥಂಡಿ ಮೆಲ್ಲಕ ಬರಂಗಿಲ್ಲ, ಒಮ್ಮಿಂದೊಮ್ಮೆಲೆ ಬಂದು ಮ್ಯಾಲೆ ಬೀಳ್ತೈತಿ, ಆಮ್ಯಾಲೆ ಬೆರಳು ಮಾತು ಕೇಳಂಗಿಲ್ಲ, ಬೂಟಿನ ಲೇಸ್ ಸೈತ ಬಿಚ್ಚಾಕ ಆಗಂಗಿಲ್ಲ.

2018ರಾಗ ನಮಗ ಇದು ಗೊತ್ತಿರಲಿಲ್ಲ. ಜೂಡಾ ಕಾ ತಾಲಾಬ್ ಅಂತ 9,100 ಅಡಿ ಮ್ಯಾಲೆ ಒಂದು ಸಣ್ಣ ಕೆರಿ ಐತಿ, ಚಳಿಗಾಲದಾಗ ಹೆಪ್ಪುಗಟ್ಟಿ ಬೆಳ್ಳಗ ಆಗಿರ್ತೈತಿ, ಸುತ್ತ ದೊಡ್ಡ ದೊಡ್ಡ ಗಿಡ. ಶಿವನ ಜಟಾದಿಂದ ಬಿದ್ದ ನೀರಿಗೆ ಆದ ಕೆರಿ ಅಂತ ಅಲ್ಲಿಯವರು ಹೇಳ್ತಾರ. ನಾವು ನಾಲ್ಕು ಮಂದಿ ಅಲ್ಲಿ ಮುಟ್ಟಿ ಫೋಟೋ ತಕ್ಕೊಂತ, ಹಿಮದಾಗ ಉಳ್ಳಾಡ್ಕೊಂತ ಕತ್ತಲಾಗೋಮಟಾ ಕಾಲ ಕಳದ್ವಿ. ಸಾಕ್ಸು ಹಸಿ, ಕೈಗವಸು ಹಸಿ. ಬೂಟು ಟೆಂಟಿನ ಹೊರಗ ಬಿಟ್ವಿ, ಬಾಟಲಿ ತಲಿ ಕಡೆ ಇಟ್ವಿ. ನನ್ನ ಸ್ಲೀಪಿಂಗ್ ಬ್ಯಾಗು ದಪ್ಪಂದ ಇತ್ತು, ಮ್ಯಾಲೆ ಮತ್ತೊಂದು ಹೊಚಗೊಂಡಿದ್ದೆ, ಆದ್ರೂ ರಾತ್ರಿ ಒಂದಕ್ಕ ಎಚ್ಚರಾತು. ಎದಿ ಬೆಚ್ಚಗ ಐತಿ, ಬೆನ್ನು ಮಾತ್ರ ಕಲ್ಲಿನ ಮ್ಯಾಲೆ ಅಂಗಿ ಬಿಚ್ಚಿ ಮಲಗಿದಂಗ. ಬಾಡಿಗಿಗೆ ಕೊಟ್ಟ ಮ್ಯಾಟು ಹಾಳಿಯಂಗ ತೆಳ್ಳಗಿತ್ತು. ಮುಂಜಾನೆ ಬೂಟು ಎತ್ತಿದ್ರ ಕಟಿಗಿ ಆಗ್ಯಾವು, ಅದರಾಗ ಕಾಲು ತುರುಕಾಕ ಒಂದು ತಾಸು ಹೋತು, ನೀರು ಕುಡೀಬೇಕಂದ್ರ ಬಾಟಲಿ ಬಾಯಿ ಪೂರಾ ಕಟ್ಟಿತ್ತು.

ಅವತ್ತು ನಮ್ಮ ಗೈಡ್ ಭೈಯಾ ಬೈಲಿಲ್ಲ, ಕೂಡಿಸ್ಕೊಂಡು ಹೇಳಿಕೊಟ್ರು. ಅದನ್ನ ಮುಂದ ಎರಡೂ ಸಲ ತಪ್ಪದಂಗ ಮಾಡೇನಿ. ಕ್ಯಾಂಪ್ ಮುಟ್ಟಿದ ಕೂಡ್ಲೆ ಟೆಂಟ್ ಹಾಕಾಕ ಹೋಗಬ್ಯಾಡ್ರಿ, ಮೊದಲ ಆ ಜಾಗಾದ ಹಿಮ ತುಳೀರಿ, ನಮ್ಮ ಕಡಿ ಕಣ ತುಳದು ಗಟ್ಟಿ ಮಾಡಿದಂಗ, ಆಮ್ಯಾಲೆ ಅರ್ಧಾ ತಾಸು ಬಿಡ್ರಿ, ಅದು ಬಿಗೀತೈತಿ. ಹಂಗ ಬಿಟ್ರ ರಾತ್ರಿ ಮೈ ಕಾವಿಗೆ ಕೆಳಗ ಕರಗಿ ಸೊಂಟದ ಹತ್ರ ಗುಂಡಿ ಬೀಳ್ತೈತಿ. ಟೆಂಟಿನ ಗೂಟ ಹಿಮದಾಗ ನಿಂದ್ರಂಗಿಲ್ಲ, ಹಗ್ಗ ಒಂದು ಟೊಂಗಿಗೆ ಕಟ್ಟಿ ಆ ಟೊಂಗಿ ಅಡ್ಡ ಹೂತು ಮ್ಯಾಲೆ ತುಳೀರಿ, ಹದಿನೈದು ನಿಮಿಷಕ್ಕ ಸಿಮೆಂಟ್ ಹಾಕಿದಂಗ ಆಗ್ತೈತಿ. ಬಿದ್ದ ಟೊಂಗಿನ ಆರಸ್ರಿ, ಗಿಡ ಮುರೀಬ್ಯಾಡ್ರಿ.

ಬೆವರಿಗೆ ಹಸಿ ಆದ ಬನಿಯನ್ನು ಸಾಕ್ಸು ಬಿಸಲು ಇದ್ದಾಗನ ಬದಲಿಸಿಬಿಡ್ರಿ, ಮಲಗೂವಾಗಿನ ಸಾಕ್ಸು ಬ್ಯಾರೆನ ಇರ್ಲಿ, ಅದನ್ನ ಹಾಕ್ಕೊಂಡು ಒಂದು ಹೆಜ್ಜಿನೂ ಹೊರಗ ಇಡಬಾರದು. ಹತ್ತಿ ಬಟ್ಟಿ ಬ್ಯಾಡ, ಹಸಿ ಆತಂದ್ರ ಒಣಗಂಗಿಲ್ಲ. ನೀರಿನ ಬಾಟಲಿ ಬುಡಮೇಲು ಮಾಡಿ ಇಡ್ರಿ, ಮಂಜುಗಡ್ಡಿ ಮ್ಯಾಲಿಂದ ಕಟ್ತೈತಿ ನೋಡ್ರಿ, ಬುಡದ ಕಡೆ ಕಟ್ಟಿದ್ರ ಬಾಯಿ ಬಿಚ್ಚಾಕ ಬರ್ತೈತಿ. ಮಲಗೋ ಮೊದಲ ಒಂದು ಬಾಟಲಿಗೆ ಬಿಸಿ ನೀರು ತುಂಬಿ, ಸೋರಂಗಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಸಾಕ್ಸಿನ್ಯಾಗ ಹಾಕಿ ಕಾಲಿನ ಹತ್ರ ಇಟ್ಕೋರಿ. ಮೊಬೈಲು, ಪವರ್ ಬ್ಯಾಂಕು, ಹೆಡ್‌ಲ್ಯಾಂಪ್ ಸೆಲ್ಲು ಎಲ್ಲಾ ಸ್ಲೀಪಿಂಗ್ ಬ್ಯಾಗಿನೊಳಗ, ಬೂಟು ಪ್ಲಾಸ್ಟಿಕ್ ಚೀಲದಾಗ ಹಾಕಿ ಟೆಂಟಿನೊಳಗ.

ಹಿಮ ಕರಗಿಸಿ ನೀರು ಮಾಡ್ಕೋಬೇಕಾದ್ರ ಬೋಗಾಣಿ ಬುಡಕ್ಕ ಮೊದಲ ಸ್ವಲ್ಪ ನೀರು ಹಾಕ್ರಿ, ಬರೇ ಹಿಮ ಹಾಕಿದ್ರ ಬುಡ ಸೀದು ನೀರು ಹೊಗಿ ವಾಸನಿ ಬರ್ತೈತಿ. ಬೋಗಾಣಿ ತುಂಬ ಹೊಸ ಹಿಮ ಹಾಕಿದ್ರ ಒಂದು ಕಪ್ ನೀರು ಸಿಗೋದೂ ಕಷ್ಟ, ಗ್ಯಾಸು ಆ ಲೆಕ್ಕಕ್ಕ ಒಯ್ರಿ. ಒಂದು ಮಾತು ಕೈ ಮುಗದು ಹೇಳ್ತೀನಿ, ಎಷ್ಟ ಥಂಡಿ ಇದ್ರೂ ಸ್ಟೋವ್ ಆಗ್ಲಿ, ಕೆಂಡ ಆಗ್ಲಿ ಟೆಂಟಿನೊಳಗ ತರಬ್ಯಾಡ್ರಿ. ಅದರ ವಿಷಗಾಳಿಗೆ ವಾಸನಿ ಇಲ್ಲ, ಮಲಗಿದಾವ ಮಲಗಿದಂಗ ಹೋಗಿಬಿಡ್ತಾನ. ಟೆಂಟಿನ ಮ್ಯಾಲಿನ ಕಿಂಡಿನೂ ಪೂರಾ ಮುಚ್ಚಬಾರದು, ಉಸಿರಿನ ಹಬಿ ಹೋಗಾಕ ಜಾಗಾ ಬೇಕು.

ಮ್ಯಾಟು ಮಾತ್ರ ನಿಮ್ಮದ ಒಯ್ರಿ, ಬಾಡಿಗಿದಕ್ಕ ಭರವಸೆ ಇಡಬ್ಯಾಡ್ರಿ. ನಾನು ಎರಡನೇ ಸಲ ರಾಣೆಬೆನ್ನೂರು ಕಡಿ ಮೇಡ್ಲೇರಿ ಕುರಿ ಕಂಬಳಿ ಒಯ್ದಿದ್ದೆ, ನಮ್ಮಜ್ಜ ಹೊಲದಾಗ ಹೊಚಗೊಂತಿದ್ದಂಥಾದ್ದು. ಮ್ಯಾಟಿನ ಮ್ಯಾಲೆ ಅದನ್ನ ಎರಡು ಮಡಿಕಿ ಹಾಸಿ ಮಲಗಿದೆ, ಬೆನ್ನಿಗೆ ಥಂಡಿನ ಹತ್ತಲಿಲ್ಲ. ಭಾರ ಐತಿ, ಖರೆ, ಬೆಟ್ಟದ ಮಂದಿ ಅದನ್ನ ಮುಟ್ಟಿ ನೋಡಿ, ನಮ್ಮ ಕಡಿ ಉಣ್ಣಿಗಿಂತ ಖಡಕ್ ಐತಲ್ಲ ಅಂದ್ರು, ಆದ್ರ ಮುಂಜಾನೆ ಹಿಮ ಝಾಡಿಸಿದ್ರ ಉದುರಿ ಹೋಗ್ತಿತ್ತು.

ಊಟದ್ದೂ ಹಂಗ. ಅಲ್ಲಿ ರಾಜ್ಮಾ ಅನ್ನ, ಮ್ಯಾಗಿ, ದಾಲ್ ಎಲ್ಲಾ ಸಿಗ್ತೈತಿ, ಆದ್ರ ನಡೂವಾಗ ಕಿಸೇದಾಗ ಏನಾರ ಬೇಕ ಬೇಕು. ಕಟ್ಟಿಕೊಂಡ ಚಪಾತಿ ಮಧ್ಯಾಹ್ನ ತಗದ್ರ ರಬ್ಬರ್ ಆಗಿತ್ತು. ನಮ್ಮವ್ವ ಕೊಟ್ಟ ಖಡಕ್ ರೊಟ್ಟಿಯಾಗ ನೀರಿನ ಅಂಶನ ಇಲ್ಲಲ್ಲ, ಹೆಪ್ಪುಗಟ್ಟಾಕ ಏನೂ ಇಲ್ಲ, 11,000 ಅಡಿ ಮ್ಯಾಲೆನೂ ಕಟಂ ಅಂತ ಮುರೀತು, ಮ್ಯಾಲೆ ಶೇಂಗಾ ಚಟ್ನಿ. ಅಂಟಿನ ಉಂಡಿ ದಿನಕ್ಕ ಎರಡು ಲೆಕ್ಕ ಹಿಡದು ಒಯ್ರಿ, ಮಲಗೋ ಮೊದಲ ಒಂದು ತಿಂದ್ರ ರಾತ್ರಿ ಮೈ ಕಾವು ಇರ್ತೈತಿ. ಕರದಂಟು ಚಲೋ, ಆದ್ರ ಥಂಡಿಗೆ ಕಲ್ಲಾಗ್ತೈತಿ, ಮನ್ಯಾಗನ ಸಣ್ಣ ಸಣ್ಣ ತುಂಡು ಮಾಡ್ಕೊಂಡು ಹೋಗ್ರಿ.

ದೋಸ್ತರ ಜೋಡಿ ಹೋದಾಗ ಒಂದು ಗಂಡಾಂತರ ಐತಿ, ಅದು ನಾಚಿಕಿ. 2024ರಾಗ ನಮ್ಮೊಳಗ ಒಬ್ಬಂವಗ ಬೇಸ್ ಕ್ಯಾಂಪಿನ್ಯಾಗ, ಅಂದ್ರ 11,000 ಅಡಿ ದಾಟಿದ ಮ್ಯಾಲೆ, ತಲಿ ಸಿಡ್ಯಾಕತ್ತಿತ್ತು, ಊಟ ಬ್ಯಾಡ ಅಂದ, ಕೇಳಿದ್ರ "ಏನಿಲ್ಲಪಾ, ನಿದ್ದಿ ಸಾಲಿಲ್ಲ" ಅಂತಾನ. ನಮ್ಮಿಂದ ಇವರ ಟ್ರಿಪ್ ಕೆಡಬಾರದು ಅಂತ ಅವನ ಮನಸಿನ್ಯಾಗ. ರಾತ್ರಿ ಎಂಟಕ್ಕ ವಾಂತಿ ಆತು. ಗೈಡು ಒಂದು ಮಾತೂ ಆಡದ ಅವನ ಚೀಲ ತಾವು ಹೊತಗೊಂಡ್ರು, ನಾನು ಜೋಡಿ ಹೋದೆ, ಹೆಡ್‌ಲ್ಯಾಂಪ್ ಬೆಳಕಿನ್ಯಾಗ ಜೂಡಾ ಕಾ ತಾಲಾಬ್‌ಗೆ ಇಳಿಸಿದ್ವಿ. ಇಳದ ಮ್ಯಾಲೆ ಎರಡು ತಾಸಿನ್ಯಾಗ ಚಾ ಬೇಕಂದ. ಆ ಸಲ ನಾ ತುದಿ ಮುಟ್ಟಲಿಲ್ಲ, ಅದರ ಬಗ್ಗೆ ಒಂದು ಚೂರೂ ಬ್ಯಾಸರ ಇಲ್ಲ. ತಲಿನೋವು, ವಾಕರಿಕಿ, ಊಟ ಬ್ಯಾಡಾಗೋದು ಕಂಡ್ರ ಮ್ಯಾಲೆ ಹತ್ತಬ್ಯಾಡ್ರಿ, ಹೆಚ್ಚಾತಂದ್ರ ಇಳೀರಿ, ಇಳಿಯೋದ ಔಷಧ. ಎತ್ತರಕ್ಕ ಆಗೋ ಈ ತ್ರಾಸಿಗೆ ಕೊಡೋ ಡಯಾಮಾಕ್ಸ್ ಗುಳಿಗಿ ತಗೋಬೇಕೋ ಬ್ಯಾಡೋ ಊರಾಗನ ಡಾಕ್ಟರನ್ನ ಕೇಳಿ ಹೋಗ್ರಿ. ಮೊದಲನೇ ದಿನಾನ ಎಲ್ಲಾರೂ ಕೂಡಿ ಮಾತಾಡ್ಕೋರಿ, ಯಾರಿಗೇನಾದ್ರೂ ಮುಚ್ಚಿಡಂಗಿಲ್ಲ, ಒಬ್ಬಂವ ಇಳದ್ರ ಮತ್ತೊಬ್ಬ ಜೋಡಿ ಇಳೀತಾನ ಅಂತ.

ಇನ್ನ ಒಬ್ಬನ ಹೋಗೋದು. ನಾ ಒಬ್ಬನ ಅನ್ನೋದು ಹುಬ್ಬಳ್ಳಿಯಿಂದ ಒಬ್ಬನ, ಗುಡ್ಡದ ಮ್ಯಾಲೆ ಸಾಂಕ್ರಿ ಗೈಡ್ ಇರಲೇಬೇಕು, ಹಿಮ ಬಿದ್ದಾಗ ದಾರಿ ಮುಚ್ಚಿ ಹೋಗಿರ್ತೈತಿ, ಹೊಸಬಂವಗ ಗುರುತು ಸಿಗಂಗಿಲ್ಲ. ಮೊದಲನೇ ಸಲಾನ ಹಂಗ ಹೋಗಬ್ಯಾಡ್ರಿ, ಒಂದ್ಸಲ ದೋಸ್ತರ ಜೋಡಿ ಹೋಗಿ ಹಿಮದಾಗ ಮಲಗೋದು ಕಲ್ತು ಹೋಗ್ರಿ. 2022ರಾಗ ನಾ ಹೋದಾಗ ಗೈಡ್ ಭೈಯಾ ಅವರ ಟೆಂಟು ಇಪ್ಪತ್ತು ಹೆಜ್ಜಿ ಆಚೆ ಇತ್ತು. ರಾತ್ರಿ ಎಚ್ಚರಾಗಿ ಕುಂತೆ. ನಾಯಿ ಬೊಗಳೋದಿಲ್ಲ, ಲಾರಿ ಸಪ್ಪಳಿಲ್ಲ, ನನ್ನ ಕಿವಿಯಾಗ ನನ್ನ ರಗತ ಹರಿಯೋದು ಕೇಳ್ತಿತ್ತು. ನಡುನಡುವ ಗಿಡದ ಟೊಂಗಿಯಿಂದ ಹಿಮದ ಗಡ್ಡಿ ಜಾರಿ ಬುಸ್ ಅಂತ ಬೀಳೋದು, ಟೊಂಗಿ ಮ್ಯಾಲೆದ್ದು ತೂಗೋದು, ಮತ್ತ ಸುಮ್ನ. ಮುಂಜಾನೆ ನೋಡಿದ್ರ ನನ್ನ ಉಸಿರ ಟೆಂಟಿನ ಒಳಗಡೆ ಬಟ್ಟಿಗೆ ಹತ್ತಿ ಸಣ್ಣ ಸಕ್ಕರಿ ಹಳ್ಳಿನಂಗ ಕಟ್ಟಿತ್ತು, ತಲಿ ತಾಗಿದ ಕೂಡ್ಲೆ ಕುತ್ತಿಗಿ ಮ್ಯಾಲೆ ಉದುರ್ತು. ದೋಸ್ತರು ಇದ್ದಿದ್ರ ನಗಿ ಗದ್ಲದಾಗ ಇದ್ಯಾವದೂ ಕಾಣ್ತಿರ್ಲಿಲ್ಲ. ಆದ್ರ ಒಬ್ಬನ ಇದ್ದಾಗ ಹೆದರಿಕಿನೂ ಬರ್ತೈತಿ, ಅದನ್ನೂ ಹೇಳಬೇಕು. ಸಣ್ಣ ಟೆಂಟ್ ಒಯ್ರಿ, ದೊಡ್ಡದು ಒಬ್ಬನ ಮೈ ಕಾವಿಗೆ ಬೆಚ್ಚಗ ಆಗಂಗಿಲ್ಲ.

ತುದಿಗೆ ಹೋಗೋ ದಿನ ನಸುಕಿನ ಮೂರಕ್ಕ ಬಿಡ್ರಿ. ಹಿಮ ಆಗ ಗಟ್ಟಿ ಇರ್ತೈತಿ, ಬಿಸಲು ಏರಿದ್ರ ಮೊಣಕಾಲಮಟಾ ಕಾಲು ಹುಗೀತಾವು. ಬೂಟಿಗೆ ಹಾಕೋ ಮುಳ್ಳಿನ ಸ್ಪೈಕು, ಬೂಟಿನೊಳಗ ಹಿಮ ಹೋಗದಂಗ ಮೊಣಕಾಲಮಟಾ ಕಟ್ಟೋ ಗೇಟರ್ ಸಾಂಕ್ರಿಯಾಗ ಬಾಡಿಗಿಗೆ ಸಿಗ್ತಾವು, ಅಲ್ಲೇ ಹಾಕ್ಕೊಂಡು ನಡದು ನೋಡಿ ತಗೋರಿ. ಮ್ಯಾಲೆ ಕಲ್ಲು ಕೂಡಿಸಿ ಮಾಡಿದ ಶಿವನ ಜಾಗಾ, ಒಂದು ತ್ರಿಶೂಲ. ಸ್ವರ್ಗಾರೋಹಿಣಿ, ಬಂದರ್‌ಪೂಂಛ್, ಕಾಲಾನಾಗ್ ಎದುರಿಗೇ, ಸ್ವರ್ಗಾರೋಹಿಣಿ ತುದಿಗೆ ಮೊದಲನೇ ಬಿಸಲು ಬಿದ್ದಾಗ ಕುಂಕುಮ ನೀರಾಗ ಕಲಸಿದಂಗ ಕಾಣ್ತೈತಿ. ಕಪ್ಪು ಕನ್ನಡಕ ಮರೀಬ್ಯಾಡ್ರಿ, ಹಿಮದ ಮ್ಯಾಲಿನ ಬಿಸಲು ಕಣ್ಣು ಸುಡ್ತೈತಿ, ಸನ್‌ಸ್ಕ್ರೀನು ಮೂಗಿನ ಕೆಳಗೂ ಹಚ್ರಿ, ಬಿಸಲು ಕೆಳಗಿಂದನೂ ಬರ್ತೈತಿ.

ಕ್ರಿಸ್‌ಮಸ್, ಹೊಸ ವರ್ಷದ ವಾರ ಬಿಡ್ರಿ, ಜಾತ್ರಿ ಆಗಿರ್ತೈತಿ. ಜನವರಿ ನಡುವಿಂದ ಫೆಬ್ರವರಿ ಕಡೀತನಕ ನನಗ ಚಲೋ ಅನಸೇತಿ. ವಾಪಸ್ ಟಿಕೆಟ್ ಮಾಡೂವಾಗ ಎರಡು ದಿನ ಖಾಲಿ ಇಟ್ಕೋರಿ, ಹಿಮ ಬಿದ್ದು ಸಾಂಕ್ರಿ ರೋಡ್ ಬಂದ್ ಆತಂದ್ರ ಗಾಡಿ ಬಿಡಂಗಿಲ್ಲ. ಪ್ಲಾಸ್ಟಿಕ್ ಒಂದು ಚೀಟಿನೂ ಮ್ಯಾಲೆ ಬಿಡಬ್ಯಾಡ್ರಿ, ಹಿಮ ಕರಗಿದ ಮ್ಯಾಲೆ ಅಷ್ಟೂ ಹಂಗ ಬಿದ್ದಿರ್ತೈತಿ, ಕೆಳಗಿನ ಹಳ್ಳಿ ಮಂದಿ ಕುಡಿಯೋದು ಅದ ನೀರು.

ನನ್ನ ಹತ್ರ ದಪ್ಪನ ಮ್ಯಾಟು ಎರಡು ಅದಾವು, ಗೇಟರ್ ಒಂದು ಜೋಡಿ ಐತಿ. ಪರಿಚಯದವರು ಯಾರರ ಈ ಸಲ ಹೊಂಟಿದ್ರ ಮನಿಗೆ ಬಂದು ಒಯ್ರಿ, ಬಂದ ಮ್ಯಾಲೆ ಒಂದು ದಿನ ಬಿಸಲಾಗ ಒಣಗಿಸಿ ತಂದು ಕೊಡ್ರಿ.