ಯುಎಸ್‌ಪಿ7 ಮಾದರಿ: ಔಷಧದ ತುಂಡು ಕೊನೆಗೂ ಕೂತಿತು

ಇದು ತ್ರೀಡಿ ಪ್ರಿಂಟ್ ಮಾಡಿದ ಮಾದರಿ. ಯುಎಸ್‌ಪಿ7 ಒಂದು ಎಂಜೈಮ್; ಬೇರೆ ಪ್ರೋಟೀನ್‌ಗಳಿಗೆ ನಾಶದ ಗುರುತಾಗಿ ಅಂಟುವ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಕೀಳುವುದು ಇದರ ಕೆಲಸ. ಅದನ್ನು ತಡೆಯುವ ಔಷಧ ಎಫ್‌ಟಿ671ರ ತುಂಡು ಕೊರೆಯದೆ, ಅರ ಹಾಕದೆ ಯುಎಸ್‌ಪಿ7ರ ಸಂದಿಯೊಳಗೆ ಕೂತಿದೆ. ಅಳತೆ 1 ಆಂಗ್‌ಸ್ಟ್ರಾಂಗೆ (ಮಿ.ಮೀ.ನ ಕೋಟಿಯಲ್ಲೊಂದು ಭಾಗ) 2 ಮಿ.ಮೀ., ನಾಜಲ್ 0.4 ಮಿ.ಮೀ., ಮಿಕ್ಕಿದ್ದೆಲ್ಲ ಮಾಮೂಲು.

ಕಾಟ ಕೊಟ್ಟದ್ದು ಪ್ರಿಂಟರ್ ಅಲ್ಲ, ಫೈಲು. ಯುಬಿಕ್ವಿಟಿನ್ ಹಿಡಿದಿರುವ 1ಎನ್‌ಬಿಎಫ್ (ಪ್ರೋಟೀನ್ ರಚನೆಗಳ ಭಂಡಾರದಲ್ಲಿನ ಸಂಕೇತ) ರಚನೆಯಿಂದ ಯುಬಿಕ್ವಿಟಿನ್ ತೆಗೆದು, ಆ ಖಾಲಿ ಜಾಗಕ್ಕೆ ಔಷಧ ತುರುಕಿದರೆ ಗೋಡೆಗೆ ತಾಗುತ್ತದೆ. ಇಬ್ಬರಿಗೂ ಬೇಕಾದ ಸಂದಿ ಒಂದೇ, ಆದರೆ ಆಕಾರ ಬೇರೆ. ಎಂಜೈಮ್ ಸುಮ್ಮನಿದ್ದಾಗ ಕತ್ತರಿಸುವ ಜಾಗದ ಎರಡು ಅಮೈನೊ ಆಮ್ಲಗಳಾದ ಸಿಸ್ಟೀನ್ 223 ಮತ್ತು ಹಿಸ್ಟಿಡಿನ್ 464 ಸುಮಾರು 10 ಆಂಗ್‌ಸ್ಟ್ರಾಂ ದೂರ. ಯುಬಿಕ್ವಿಟಿನ್ ಬಂದರೆ ಎರಡೂ ಹತ್ತಿರ ಸರಿದು ಕತ್ತರಿಸಲು ಸಜ್ಜಾಗುತ್ತವೆ. ಎಫ್‌ಟಿ671 ಹಿಡಿಯುವುದು ಸುಮ್ಮನಿರುವ ರೂಪವನ್ನು. ಆಗ ಎಂಡಿಎಂ2 (ಪಿ53ನ್ನು ನಾಶಕ್ಕೆ ಗುರುತಿಸುವ ಪ್ರೋಟೀನ್) ಮೇಲಿನ ಯುಬಿಕ್ವಿಟಿನ್ ಕೀಳುವವರಿಲ್ಲದೆ ಎಂಡಿಎಂ2 ನಾಶವಾಗುತ್ತದೆ, ಗೆಡ್ಡೆ ತಡೆಯುವ ಪಿ53 ಉಳಿಯುತ್ತದೆ. ಪಿ53 ಜೀನೇ ಕೆಟ್ಟಿರುವ ಗೆಡ್ಡೆಯಲ್ಲಿ ಈ ದಾರಿಯಿಂದ ಲಾಭವಿಲ್ಲ.

ಬೂಲಿಯನ್ (ಒಂದು ಆಕಾರದಿಂದ ಇನ್ನೊಂದನ್ನು ಕಳೆಯುವ ಆಜ್ಞೆ) ಹಾಕಿ ಗೋಡೆ ಕೊರೆದರೆ ಐದೇ ನಿಮಿಷದ ಕೆಲಸ. ಹಾಗೆ ಕೊರೆದ ಜಾಗದಲ್ಲಿ ಪ್ಯಾರಾಸಿಟಮಾಲ್ ಕೂಡ ಕೂರುತ್ತದೆ! ಚಿಕ್ಕಮಗಳೂರಿನ ಕಾಲೇಜು ಮಕ್ಕಳ ಕೈಗೆ ಕೊಡುವ ಮಾದರಿ ಸುಳ್ಳು ಹೇಳಬಾರದು.

ಆದ್ದರಿಂದ ಎರಡು ಒಡಲು: ಯುಬಿಕ್ವಿಟಿನ್‌ಗೆ 1ಎನ್‌ಬಿಎಫ್, ಔಷಧಕ್ಕೆ ಅದನ್ನು ಹಿಡಿದಿರುವ ರಚನೆ 5ಎನ್‌ಜಿಇ. ಅಣುರಚನೆ ತೋರಿಸುವ ಕೈಮೆರಾಎಕ್ಸ್ ತಂತ್ರಾಂಶದಲ್ಲಿ ಮ್ಯಾಚ್‌ಮೇಕರ್ ಆಜ್ಞೆ ಕೊಟ್ಟು ಒಂದರ ಮೇಲೊಂದು ಕೂರಿಸಿ, ನೀರು ಮತ್ತು ಹೆಚ್ಚುವರಿ ಸರಪಳಿ ಅಳಿಸಿ, ಪ್ರೋಟೀನ್ ಮತ್ತು ಔಷಧದ ಮೇಲ್ಮೈಗಳನ್ನು ಬೇರೆ ಬೇರೆ ಎಸ್‌ಟಿಎಲ್ (ಪ್ರಿಂಟ್‌ಗೆ ಬೇಕಾದ ಆಕಾರದ ಫೈಲು) ಮಾಡಿ, ಪದರಗಳಾಗಿ ಸೀಳುವ ಸ್ಲೈಸರ್ ತಂತ್ರಾಂಶದಲ್ಲಿ ಎಲ್ಲವನ್ನೂ 200% ಹಿಗ್ಗಿಸಿ. ಸಡಿಲ ಬೇಕಾದರೆ ಔಷಧದ ತುಂಡಿಗೆ ಮಾತ್ರ ಅಡ್ಡಗಲದಲ್ಲಿ ಮೈನಸ್ 0.2 ಮಿ.ಮೀ. ಕೊಡಿ, ಸಂದಿಯನ್ನು ಮುಟ್ಟಬೇಡಿ. ಯುಬಿಕ್ವಿಟಿನ್‌ನ ಬಾಲ, ಅಂದರೆ 71ರಿಂದ 76ನೇ ಅಮೈನೊ ಆಮ್ಲದವರೆಗಿನ ಭಾಗ, ನಿಲ್ಲಿಸಿ ಪ್ರಿಂಟ್ ಮಾಡಿದರೆ ಪದರದಲ್ಲೇ ಪಟ್ಟನೆ ಮುರಿಯುತ್ತದೆ. ಬೆಡ್ ಮೇಲೆ ಮಲಗಿಸಿ.

ಇನ್ನು ಫಿಲಮೆಂಟ್, ಅಂದರೆ ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ಎಳೆ. ಈ ಸಲದ ಪಿಎಲ್‌ಎ ಪ್ಲಾಸ್ಟಿಕ್ ಸುರುಳಿ ಗಾಳಿ ಹೊಕ್ಕ ಪೊಟ್ಟಣದಲ್ಲಿ ಬಂತು, ತೇವ ಹೀರುವ ಸಿಲಿಕಾ ಜೆಲ್ ಚೀಲವೂ ಇಲ್ಲ, ಮಾರಿದವರು ಫೋನ್ ಎತ್ತುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇದು ಅನ್ಯಾಯ. ನಾಜಲ್ ಚಟಪಟ ಅಂದು ಮೈತುಂಬ ನೂಲು ಎಳೆದರೆ ತೇವ ಹಿಡಿದಿದೆ ಎಂದೇ ಅರ್ಥ. 45-50 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಿಂದಲೇ ನೇರ ಎಳೆಯಿರಿ.

ಮುಂದಿನದು ಅದೇ ಬಗೆಯ ಎಂಜೈಮ್ ಯುಎಸ್‌ಪಿ1. ಡಿಎನ್‌ಎ ದುರಸ್ತಿಯಲ್ಲಿ ಎಫ್‌ಎಎನ್‌ಸಿಡಿ2 ಪ್ರೋಟೀನ್ ಮೇಲಿನ ಯುಬಿಕ್ವಿಟಿನ್ ತೆಗೆಯುವುದು ಇದೇ. ಡಿಎನ್‌ಎ ದುರಸ್ತಿಯ ಬಿಆರ್‌ಸಿಎ ಜೀನ್ ಕೆಟ್ಟ ಕ್ಯಾನ್ಸರ್‌ಗಳಿಗಾಗಿ ಕೆಎಸ್‌ಕ್ಯೂ-4279 ಎಂಬ ತಡೆಮದ್ದನ್ನು ರೋಗಿಗಳಲ್ಲಿ ಪರೀಕ್ಷಿಸಲಾಗಿದೆ. ಯುಎಸ್‌ಪಿ1 ಒಂಟಿಯಾಗಿ ಚುರುಕಾಗುವುದಿಲ್ಲ, ಯುಎಎಫ್1 ಎಂಬ ಜೊತೆಗಾರ ಪ್ರೋಟೀನ್ ಜೊತೆಗಿರಬೇಕು. ಜೋಡಿ 220 ಮಿ.ಮೀ. ಬೆಡ್‌ಗೆ ಹಿಡಿಸದಿದ್ದರೆ ಎರಡನ್ನೂ ಬೇರೆ ಪ್ರಿಂಟ್ ಮಾಡಿ, ಕೂಡುವಲ್ಲಿ 5 ಮಿ.ಮೀ. ಆಯಸ್ಕಾಂತ ಇಡುವ ಯೋಚನೆ.