ಹಳೆಯ ಯಂತ್ರಕ್ಕೆ ಕಾಗುಣಿತ: ದೊಡ್ಡಪ್ಪನ ಎರಡು ಕಂಪ್ಯೂಟರ್‌ಗಳ ದಿನಚರಿ

ಮೊದಲ ಶನಿವಾರ

ದೊಡ್ಡಪ್ಪ ತಮ್ಮ ನೆನಪುಗಳನ್ನು ಬರೆಯುತ್ತಿದ್ದಾರೆ. ಮುನ್ನೂರು ಪುಟ ದಾಟಿದೆ. ತಪ್ಪು ಪದದ ಕೆಳಗೆ ಕೆಂಪು ಗೆರೆ ಎಳೆಯುವ ತಂತ್ರಾಂಶವೊಂದನ್ನು ಹಾಕಿಕೊಡು ಎಂದರು. ಆಗಲಿ ಎಂದೆ. ಹೊಸ ಕಂಪ್ಯೂಟರ್ ಮಾತ್ರ ಬೇಡ ಎಂದರು. ಈ ಎರಡನೆಯ ಮಾತು ಮೊದಲು ಬಂದಿದ್ದರೆ ನಾನು ಅಷ್ಟು ಸಲೀಸಾಗಿ ತಲೆಯಾಡಿಸುತ್ತಿರಲಿಲ್ಲ.

ಯಂತ್ರಗಳು ಎರಡು. ಲ್ಯಾಪ್‌ಟಾಪ್‌ನಲ್ಲಿ ಇರುವುದು 32 ಬಿಟ್‌ನ ವಿಂಡೋಸ್ 7, 2 ಜಿಬಿ ಮೆಮೊರಿ. ಕೊಂಡ ದಿನದಿಂದ ಒಂದೇ ಒಂದು ಅಪ್‌ಡೇಟ್ ಕಂಡಿಲ್ಲ. ಮೇಜಿನ ಮೇಲಿನದು ಇನ್ನೂ ಹಿರಿಯದು: ಪೆಂಟಿಯಂ 4, 512 ಎಂಬಿ ಮೆಮೊರಿ, ವಿಂಡೋಸ್ ಎಕ್ಸ್‌ಪಿ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ. ವಿಂಡೋಸ್ ತೆಗೆದು ಲಿನಕ್ಸ್ ಹಾಕಿಬಿಡೋಣ ಎಂದು ನಾನು ಬಾಯಿ ತೆರೆದೆ. "ಬೆರಳಿಗೆ ಗೊತ್ತಿರುವುದನ್ನು ಬದಲಿಸಬೇಡವಯ್ಯ" ಎಂದರು. ಅವರ ಬೆರಳಿಗೆ ಗೊತ್ತಿರುವುದು ನುಡಿ ವಿನ್ಯಾಸದ ಕೀಲಿಮಣೆ. ಒತ್ತಕ್ಷರ ಬೇಕೆಂದಾಗ ಎಡಗೈ ತೋರುಬೆರಳು ತಾನಾಗಿ ಎಫ್ ಕೀಲಿಯ ಮೇಲೆ ಬೀಳುತ್ತದೆ. ಲಿನಕ್ಸ್‌ನಲ್ಲಿಯೂ ಆ ವಿನ್ಯಾಸ ಸಿಗುತ್ತದೆ. ಆದರೆ ವಾದ ಮಾಡುವ ಹೊತ್ತು ಅದಾಗಿರಲಿಲ್ಲ.

ಲ್ಯಾಪ್‌ಟಾಪ್‌ನಿಂದ ಆರಂಭಿಸಿದೆ. ಯಾವ ಜಾಲತಾಣಕ್ಕೆ ಹೋದರೂ ಪ್ರಮಾಣಪತ್ರ ಸರಿಯಿಲ್ಲ, ಸಂಪರ್ಕ ಸುರಕ್ಷಿತವಲ್ಲ ಎಂಬ ಒಂದೇ ಪಲ್ಲವಿ. ಬ್ರೌಸರ್ ಬದಲಿಸಿದೆ, ರೂಟರ್ ಆರಿಸಿ ಹಚ್ಚಿದೆ, ವೈರಸ್ ನಿರೋಧಕವನ್ನು ಶಂಕಿಸಿದೆ. ಒಂದು ಗಂಟೆಯ ನಂತರ ಕಣ್ಣು ಪರದೆಯ ಬಲಮೂಲೆಗೆ ಹೋಯಿತು. ಅಲ್ಲಿ 2009ರ ಜನವರಿ 1 ಎಂದಿತ್ತು. ಜಾಲತಾಣ ಅಸಲಿಯೆಂದು ಸಾರುವ ಪ್ರಮಾಣಪತ್ರಕ್ಕೆ ಆರಂಭದ ದಿನವೂ ಕೊನೆಯ ದಿನವೂ ಇರುತ್ತವೆ. ಈ ಯಂತ್ರದ ಲೆಕ್ಕದಲ್ಲಿ ಜಗತ್ತಿನ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟಿಯೇ ಇರಲಿಲ್ಲ.

ತಾರೀಖು ತಿದ್ದಿದೆ, ಆರಿಸಿ ಹಚ್ಚಿದರೆ ಮತ್ತೆ 2009. ಕೆಳಗಿನ ಮುಚ್ಚಳದ ಎರಡು ತಿರುಪು ಬಿಚ್ಚಿದಾಗ, ಮೆಮೊರಿ ಪಟ್ಟಿಯ ಪಕ್ಕದಲ್ಲಿ ಹಳದಿ ಪ್ಲಾಸ್ಟಿಕ್ ಸುತ್ತಿದ ಒಂದು ಬಿಲ್ಲೆ, ಅದರಿಂದ ಹೊರಟ ಕೆಂಪು ಕಪ್ಪು ತಂತಿ ಕಂಡವು. ಯಂತ್ರ ಆರಿದ್ದಾಗಲೂ ಗಡಿಯಾರ ನಡೆಸುವ ಸಿಆರ್2032 ಕೋಶ. ಮೂರು ವೋಲ್ಟ್ ಇರಬೇಕಾದ ಕಡೆ ಮೀಟರ್ 1.4 ತೋರಿಸಿತು. ಇಲ್ಲೊಂದು ಎಚ್ಚರಿಕೆ: ಹಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಬಿಲ್ಲೆಗೆ ತಂತಿಯನ್ನು ಬೆಸೆದಿರುತ್ತಾರೆ. ಬರಿಯ ಬಿಲ್ಲೆ ತಂದು ಬೆಸುಗೆ ಕಡ್ಡಿ ಹಿಡಿದು ಬೆಸೆಯಲು ಹೋಗಬೇಡಿ, ಬಿಸಿಗೆ ಸಿಡಿಯಬಹುದು. ತಂತಿ ಸಮೇತ ಇರುವುದನ್ನೇ ಹಾಕಿ.

ಭಾನುವಾರ

ಗಡಿಯಾರ ಸರಿಯಾದ ಮೇಲೂ ಅರ್ಧ ತಾಣಗಳು ತೆರೆಯಲಿಲ್ಲ. ಆ ಕಾಲದ ಬ್ರೌಸರ್ ಟಿಎಲ್‌ಎಸ್ 1.2 ಎಂಬ ಸುರಕ್ಷಿತ ಸಂಪರ್ಕದ ವಿಧಾನವನ್ನು ತಾನಾಗಿ ಬಳಸುವುದಿಲ್ಲ, ಇಂದಿನ ಬಹುತೇಕ ಸರ್ವರ್‌ಗಳು ಅದಕ್ಕಿಂತ ಕೆಳಗಿಳಿಯುವುದಿಲ್ಲ. ಇದರೊಂದಿಗೆ ಗುದ್ದಾಡುವುದು ಬೇಡವೆಂದು ನನ್ನ ಕಂಪ್ಯೂಟರ್‌ನಲ್ಲಿ ಎಲ್ಲವನ್ನೂ ಇಳಿಸಿಕೊಂಡು ಪೆನ್ ಡ್ರೈವ್‌ನಲ್ಲಿ ಒಯ್ದೆ. ಎಕ್ಸ್‌ಪಿ ಯಂತ್ರ ಪೆನ್ ಡ್ರೈವ್ ನೋಡಿ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಡ್ರೈವ್ ಕೆಟ್ಟಿರಲಿಲ್ಲ. ಅದು ಕಡತಗಳನ್ನು ಜೋಡಿಸಿಡುವ ಎಕ್ಸ್‌ಫ್ಯಾಟ್ ಎಂಬ ರೀತಿಯಲ್ಲಿತ್ತು, ಪ್ರತ್ಯೇಕ ಅಪ್‌ಡೇಟ್ ಇಲ್ಲದೆ ಎಕ್ಸ್‌ಪಿಗೆ ಅದು ಓದಲು ಬಾರದು. ಹಳೆಯ ರೀತಿಯಾದ ಫ್ಯಾಟ್32ಕ್ಕೆ ಬದಲಿಸಿದೆ, ಓದಿತು. ಆ ಪ್ರಶ್ನೆಗೆ ಹೌದು ಎಂದು ಒತ್ತಿ ಇದ್ದದ್ದನ್ನೆಲ್ಲ ಕಳೆದುಕೊಂಡವರು ಎಷ್ಟು ಜನರೋ.

ಮುಂದಿನದು: ಅನುಸ್ಥಾಪನೆಯ ಕಡತದ ಮೇಲೆ ಎರಡು ಬಾರಿ ಒತ್ತಿದರೆ, ಇದು ಸರಿಯಾದ ವಿನ್32 ಅಪ್ಲಿಕೇಶನ್ ಅಲ್ಲ ಎಂಬ ಸಂದೇಶ. ಈ ಒಂದು ವಾಕ್ಯದ ಹಿಂದೆ ಮೂರು ಬೇರೆ ಬೇರೆ ಕಾರಣಗಳು ಅಡಗಿ ಕುಳಿತಿರುತ್ತವೆ. ಕಡತ 64 ಬಿಟ್‌ನದಾಗಿರಬಹುದು, 32 ಬಿಟ್‌ನ ವಿಂಡೋಸ್ ಅದನ್ನು ಓಡಿಸದು. 32 ಬಿಟ್‌ನದೇ ಆಗಿದ್ದೂ, ಎಕ್ಸ್‌ಪಿಗಿಂತ ಹೊಸ ವಿಂಡೋಸ್ ಬೇಕೆಂದು ಅದರ ತಲೆಬರಹದಲ್ಲಿಯೇ ಬರೆದಿರಬಹುದು. ಅಥವಾ ಇಳಿಸುವಾಗ ಅರ್ಧಕ್ಕೇ ನಿಂತಿರಬಹುದು. ಮೂರನೆಯದನ್ನು ಮೊದಲು ಕಳೆಯಿರಿ, ಅದು ಸುಲಭ: ತಾಣದಲ್ಲಿ ಕೊಟ್ಟ ಎಸ್‌ಎಚ್‌ಎ-256 ಮೊತ್ತವನ್ನು (ಕಡತದ ಬೆರಳಚ್ಚಿನಂಥ ಸಂಖ್ಯೆ) ನಿಮ್ಮ ಕಡತದ ಮೊತ್ತದೊಂದಿಗೆ ಹೋಲಿಸಿ. ವಿಂಡೋಸ್ 7ರಲ್ಲಿ ಸರ್ಟ್‌ಯುಟಿಲ್ ಎಂಬ ಆಜ್ಞೆ ಇದನ್ನು ಲೆಕ್ಕ ಹಾಕಿಕೊಡುತ್ತದೆ. ನನ್ನ ಮೊತ್ತ ಹೊಂದಿತು. ಅಂದರೆ ಕಡತ ಕೆಟ್ಟಿಲ್ಲ, ತಂದದ್ದೇ ತಪ್ಪು. ಇಳಿಸುವ ಪುಟ ನನ್ನ ಕಂಪ್ಯೂಟರ್ ನೋಡಿ 64 ಬಿಟ್‌ನದನ್ನು ಕೊಟ್ಟಿತ್ತು. ಅದಕ್ಕೇನು ಗೊತ್ತು ನಾನು ದೊಡ್ಡಪ್ಪನಿಗಾಗಿ ತರುತ್ತಿದ್ದೇನೆಂದು?

ಎರಡನೆಯ ಶನಿವಾರ

32 ಬಿಟ್‌ನ ಕಡತ ತಂದೆ. ಲ್ಯಾಪ್‌ಟಾಪ್‌ನಲ್ಲಿ ಅನುಸ್ಥಾಪನೆ ಮುಗಿಯಿತು, ಚಿತ್ರ ಬಂತು, ಒತ್ತಿದೆ. ಉದ್ದನೆಯ ಹೆಸರಿನ ಒಂದು ಡಿಎಲ್‌ಎಲ್ (ತಂತ್ರಾಂಶಗಳು ಹಂಚಿಕೊಂಡು ಬಳಸುವ ಕಡತ) ಇಲ್ಲ ಎಂದು ಹೇಳಿ ಮುಚ್ಚಿಕೊಂಡಿತು. ಹೆಸರಿನ ನಡುವೆ ಸಿಆರ್‌ಟಿ, ರನ್‌ಟೈಮ್ ಎಂಬ ತುಣುಕುಗಳಿದ್ದವು.

ಇಲ್ಲಿ ಜನ ಮಾಡುವ ತಪ್ಪು ಒಂದೇ. ಆ ಡಿಎಲ್‌ಎಲ್ ಹೆಸರನ್ನು ಹುಡುಕಿ, ಯಾವುದೋ ತಾಣದಿಂದ ಅದೊಂದನ್ನೇ ಇಳಿಸಿ, ಸಿಸ್ಟಮ್32 ಕಡತಕೋಶಕ್ಕೆ ತುರುಕುತ್ತಾರೆ. ಅದರ ಬೆನ್ನಿಗೆ ಇನ್ನೊಂದು ಇಲ್ಲ ಎನ್ನುತ್ತದೆ, ಮತ್ತೊಂದು ಇಲ್ಲ ಎನ್ನುತ್ತದೆ. ಅವೆಲ್ಲ ತಂತ್ರಾಂಶಗಳು ಓಡಲು ಬೇಕಾಗುವ ಯುನಿವರ್ಸಲ್ ಸಿ ರನ್‌ಟೈಮ್ ಎಂಬ ಒಂದೇ ಕುಟುಂಬದವು. ವಿಂಡೋಸ್ 10ರಲ್ಲಿ ಅದು ಹುಟ್ಟಿನಿಂದಲೇ ಇದೆ. ವಿಂಡೋಸ್ 7ಕ್ಕೆ ಕೆಬಿ2999226 ಎಂಬ ಅಪ್‌ಡೇಟ್ ಆಗಿ ಬಂತು, ವಿಷುಯಲ್ ಸಿ++ 2015ರ ಮರುವಿತರಣಾ ಕಂತೆಯಲ್ಲಿಯೂ ಇದೆ. ಅಪರಿಚಿತರ ಮನೆಯಿಂದ ಬಿಡಿ ಡಿಎಲ್‌ಎಲ್ ತರುವುದು ದಾರಿಯಲ್ಲಿ ಬಿದ್ದ ಮಾತ್ರೆಯನ್ನು ನುಂಗಿದ ಹಾಗೆ.

ಕಂತೆಯನ್ನು ತಂದು ಹಾಕಿದೆ. 0x80240017 ಎಂಬ ದೋಷಸಂಖ್ಯೆ ಕೊಟ್ಟು ಅದೂ ಕೈಚೆಲ್ಲಿತು. ದೋಷದ ಪೆಟ್ಟಿಗೆಯಲ್ಲಿ ನೀಲಿ ಅಕ್ಷರದ ಒಂದು ಕೊಂಡಿ ಇರುತ್ತದೆ, ದಾಖಲೆಯನ್ನು ನೋಡಿ ಎಂದು. ಅದನ್ನು ಯಾರೂ ಒತ್ತುವುದಿಲ್ಲ. ಒತ್ತಿದೆ. ನೂರಾರು ಸಾಲುಗಳ ಪಠ್ಯ. ಕೆಳಗಿನಿಂದ ಮೇಲಕ್ಕೆ ಓದಿದೆ. ಕೊನೆಯ ಸಾಲುಗಳಲ್ಲಿ ಇರುವುದು ಸೋತ ಮೇಲೆ ಎಲ್ಲವನ್ನೂ ಗುಡಿಸಿ ತೆಗೆದ ಲೆಕ್ಕ ಮಾತ್ರ. ಅದರ ಮೇಲೆ, ಮೊದಲು ಸೋತ ಜಾಗದಲ್ಲಿ, 2999226 ಎಂಬ ಅದೇ ಸಂಖ್ಯೆ ಇತ್ತು. ಕಂತೆಯ ಒಳಗಿನ ಆ ಅಪ್‌ಡೇಟನ್ನು ಈ ವಿಂಡೋಸ್ ಸ್ವೀಕರಿಸಲಿಲ್ಲ. ಏಕೆ? ಅದಕ್ಕೆ ಸರ್ವಿಸ್ ಪ್ಯಾಕ್ 1 ಎಂಬ ಅಪ್‌ಡೇಟ್‌ಗಳ ದೊಡ್ಡ ಕಟ್ಟು ಬೇಕು. ಅದು ಬಂದದ್ದು 2011ರಲ್ಲಿ. ಈ ಲ್ಯಾಪ್‌ಟಾಪ್ ಅದಕ್ಕೂ ಮೊದಲಿನದು.

ಒಟ್ಟಿನಲ್ಲಿ ಸರಪಳಿ ಹೀಗೆ: ತಂತ್ರಾಂಶಕ್ಕೆ ರನ್‌ಟೈಮ್ ಬೇಕು, ರನ್‌ಟೈಮ್‌ಗೆ ಸರ್ವಿಸ್ ಪ್ಯಾಕ್ ಬೇಕು, ಸರ್ವಿಸ್ ಪ್ಯಾಕ್‌ಗೆ ಡಿಸ್ಕ್‌ನಲ್ಲಿ ಕೆಲವು ಜಿಬಿ ಜಾಗ ಬೇಕು. ಆ ಜಾಗದಲ್ಲಿ ದೊಡ್ಡಪ್ಪನ ಮದುವೆ ಮನೆಗಳ ವೀಡಿಯೋಗಳಿದ್ದವು. ಅವುಗಳನ್ನು ಬೇರೆಡೆಗೆ ಸಾಗಿಸಿ, ಅರ್ಧ ಜಿಬಿಗೂ ಮಿಕ್ಕಿದ ಸರ್ವಿಸ್ ಪ್ಯಾಕ್ ಹಾಕಿ, ಯಂತ್ರ ಮೂರು ಬಾರಿ ಮರುಚಾಲನೆಗೊಳ್ಳುವುದನ್ನು ನೋಡುತ್ತ ಕುಳಿತೆ. ಆಮೇಲೆ ಕಂತೆ ಒಂದೇ ನಿಮಿಷದಲ್ಲಿ ಕೂತಿತು.

ಭಾನುವಾರ

ತಂತ್ರಾಂಶ ತೆರೆಯುತ್ತದೆ. ಪದ ಸಂಸ್ಕರಣೆಗೆ ಲಿಬ್ರೆ ಆಫೀಸ್, ಅದರೊಳಗೆ ಹನ್‌ಸ್ಪೆಲ್ ಎಂಬ ಕಾಗುಣಿತ ಪರೀಕ್ಷಕ, ಅದಕ್ಕೊಂದು ಕನ್ನಡ ಪದಕೋಶ. ಬೇಕೆಂದೇ ತಪ್ಪು ಬರೆದೆ. ಗೆರೆ ಬರಲಿಲ್ಲ. ಇನ್ನೂ ಘೋರವಾದ ತಪ್ಪು ಬರೆದೆ. ಆಗಲೂ ಇಲ್ಲ.

ಲಿಬ್ರೆ ಆಫೀಸ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿಸುತ್ತದೆ. ಅದಕ್ಕೆ ಭಾಷೆ ಬೇರೆ, ಫಾಂಟ್ ಬೇರೆ, ಅಕ್ಷರದ ಗಾತ್ರವೂ ಬೇರೆ. ನಾನು ಬದಲಿಸುತ್ತಿದ್ದದ್ದು ಪಾಶ್ಚಾತ್ಯ ಲಿಪಿಯ ಭಾಷೆಯನ್ನು. ಸಂಕೀರ್ಣ ಲಿಪಿಯ ಭಾಷೆ ಹಿಂದಿ ಎಂದಿತ್ತು. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜ್ ಸೆಟ್ಟಿಂಗ್ಸ್‌ಗೆ ಹೋಗಿ ಅಲ್ಲಿ ಕನ್ನಡ ಆರಿಸಿದೆ. ಕೆಂಪು ಗೆರೆ ಬಂತು. ದೊಡ್ಡಪ್ಪನನ್ನು ಕರೆದು ತೋರಿಸಿದೆ. ಅವರು ತಮ್ಮ ಮೊದಲ ಅಧ್ಯಾಯ ತೆರೆಸಿದರು. ಪುಟದ ತುಂಬ ಕೆಂಪು.

ಅದು ಅವರ ತಪ್ಪಲ್ಲ. ಆ ಅಧ್ಯಾಯವನ್ನು ಬರೆದದ್ದು ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್‌ಗಿಂತ ಹಿಂದಿನ ರೀತಿಯ ಫಾಂಟ್‌ನಲ್ಲಿ. ಅಲ್ಲಿ ಕಡತದೊಳಗೆ ಇರುವುದು ಟೋಪಿ ಮೀಸೆ ಹಚ್ಚಿಕೊಂಡ ರೋಮನ್ ಅಕ್ಷರಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ. ನಮ್ಮ ಕಣ್ಣಿಗೆ ಕನ್ನಡ, ಪರೀಕ್ಷಕನಿಗೆ ಅರ್ಥವಿಲ್ಲದ ಇಂಗ್ಲಿಷ್. ಮೊದಲು ಪರಿವರ್ತಕದಿಂದ ಯುನಿಕೋಡ್‌ಗೆ ತರಬೇಕು. ಹದಿನೇಳು ಅಧ್ಯಾಯ ಪರಿವರ್ತಿಸಿದೆ, ಮೂಲದ ಪ್ರತಿಗಳನ್ನು ಹಾಗೆಯೇ ಉಳಿಸಿದೆ. ಅಂಕಿಗಳು ಮತ್ತು ಉದ್ಧರಣ ಚಿಹ್ನೆಗಳು ಅಲ್ಲಲ್ಲಿ ಕಲಸಿಹೋದವು, ಕೈಯಲ್ಲೇ ತಿದ್ದಬೇಕು.

ವಾರದ ನಡುವೆ, ಎಕ್ಸ್‌ಪಿ

ಚಿಕ್ಕದಾಗಿ ಹೇಳುತ್ತೇನೆ. ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಉಂಟು, ಆದರೆ ಸಂಕೀರ್ಣ ಲಿಪಿಗಳ ಬೆಂಬಲವನ್ನು ನಾವೇ ಚಾಲೂ ಮಾಡಬೇಕು: ಕಂಟ್ರೋಲ್ ಪ್ಯಾನೆಲ್‌ನ ಪ್ರಾದೇಶಿಕ ಆಯ್ಕೆಗಳಲ್ಲಿ ಒಂದು ಚೌಕಕ್ಕೆ ಗುರುತು ಹಾಕಬೇಕು. ಹಾಕಿದ ತಕ್ಷಣ ಎಕ್ಸ್‌ಪಿ ಸಿಡಿ ಕೊಡಿ ಎನ್ನುತ್ತದೆ. ಸಿಡಿ ಎಲ್ಲಿದೆಯೋ! ಅದೃಷ್ಟಕ್ಕೆ, ಯಂತ್ರ ಜೋಡಿಸಿದ ಪುಣ್ಯಾತ್ಮ ಸಿಡಿಯಲ್ಲಿನ ಐ386 ಎಂಬ ಕಡತಕೋಶವನ್ನು ಡಿಸ್ಕ್‌ಗೆ ನಕಲು ಮಾಡಿಟ್ಟಿದ್ದ. ಅದರ ದಾರಿ ತೋರಿಸಿದೆ. ಮರುಚಾಲನೆಯ ನಂತರ ಕನ್ನಡದ ಜಾಗದಲ್ಲಿ ಕಾಣುತ್ತಿದ್ದ ಖಾಲಿ ಚೌಕಗಳೆಲ್ಲ ಅಕ್ಷರಗಳಾದವು. ಲಿಬ್ರೆ ಆಫೀಸ್‌ನಲ್ಲಿ ಎಕ್ಸ್‌ಪಿಗೆ ಕೊನೆಯ ಆವೃತ್ತಿ 5.4, ಅದನ್ನೇ ಹಾಕಿದೆ. ಜಾಲದ ತಂತಿಯನ್ನು ಕಿತ್ತು ಡ್ರಾಯರ್‌ನಲ್ಲಿಟ್ಟೆ. ಭದ್ರತಾ ಅಪ್‌ಡೇಟ್ ನಿಂತು ಇಷ್ಟು ವರ್ಷವಾದ ಯಂತ್ರ ಬರೆಯಲಿ, ಊರು ಸುತ್ತುವುದು ಬೇಡ.

ಮೂರನೆಯ ಶನಿವಾರ

ಇಲ್ಲಿಂದ ಯಂತ್ರದ ಜಗಳ ಮುಗಿದು ವ್ಯಾಕರಣದ ಜಗಳ ಶುರು. ಪದಕೋಶದಲ್ಲಿ 'ಮನೆ' ಇದೆ. 'ಮನೆಯಲ್ಲಿ' ಇದೆ. 'ಮನೆಯಲ್ಲಿದ್ದವರಿಗೂ' ಇಲ್ಲ, ಕೆಂಪು. ದೊಡ್ಡಪ್ಪನ ಬರವಣಿಗೆಯಲ್ಲಿ ಇಂಥ ಪದಗಳೇ ಹೆಚ್ಚು. ಕನ್ನಡದಲ್ಲಿ ಯಾರ ಬರವಣಿಗೆಯಲ್ಲಿ ಇರುವುದಿಲ್ಲ? ಎಲ್ಲ ರೂಪಗಳನ್ನೂ ಪಟ್ಟಿ ಮಾಡುತ್ತ ಹೋದರೆ ಮುಗಿಯುವುದಿಲ್ಲ.

ಹನ್‌ಸ್ಪೆಲ್‌ನಲ್ಲಿ ಎರಡು ಕಡತಗಳಿರುತ್ತವೆ. ಒಂದು ಪದಗಳದ್ದು, ಇನ್ನೊಂದು ಪ್ರತ್ಯಯಗಳ ನಿಯಮಗಳದ್ದು. ನಿಯಮ ಹೇಳುವುದಿಷ್ಟೇ: ಪದದ ಕೊನೆ ಹೀಗಿದ್ದರೆ, ಇಷ್ಟನ್ನು ಕಿತ್ತು, ಇದನ್ನು ಅಂಟಿಸು. ಯುನಿಕೋಡ್‌ನಲ್ಲಿ 'ನೆ' ಎಂಬುದು ನಕಾರ ಮತ್ತು ಎತ್ವದ ಚಿಹ್ನೆ ಎಂದು ಎರಡಾಗಿ ಇರುತ್ತದೆ. ಹಾಗಾಗಿ, ಎತ್ವದಿಂದ ಕೊನೆಯಾಗುವ ಪದಕ್ಕೆ ಏನೂ ಕೀಳದೆ 'ಯಲ್ಲಿ' ಅಂಟಿಸು ಎಂದು ಬರೆದರೆ ಯಕಾರಾಗಮ ಸಂಧಿ ಒಂದೇ ಸಾಲಿನಲ್ಲಿ ಮುಗಿಯಿತು. ಬೀಗಿದೆ.

ಬೀಗಿದ್ದು ಹತ್ತು ನಿಮಿಷ. 'ಊರು' ಪದದ ಉತ್ವವನ್ನು ಕಿತ್ತರೆ 'ಊರನ್ನು' ಆಗುತ್ತದೆ. ಅದೇ ನಿಯಮ 'ಕರು' ಪದವನ್ನು 'ಕರನ್ನು' ಮಾಡಿತು, ಮತ್ತು ಅದು ಸರಿಯೆಂದು ಗೆರೆ ಎಳೆಯದೆ ಬಿಟ್ಟಿತು. ನಿಯಮ ತಿರುಗಿಸಿ ವಕಾರ ಹಾಕಿದೆ. 'ಕರುವನ್ನು' ಸರಿಯಾಯಿತು, 'ಊರುವನ್ನು' ಕೂಡ ಸರಿ ಎನ್ನಿಸಿಕೊಂಡಿತು. ಎರಡೂ ಪದಗಳ ಕೊನೆ 'ರು'. ಕೊನೆಯ ಅಕ್ಷರವನ್ನಷ್ಟೇ ನೋಡುವ ನಿಯಮಕ್ಕೆ ವ್ಯತ್ಯಾಸ ಕಾಣಿಸುವ ದಾರಿಯೇ ಇಲ್ಲ. ಶಾಲೆಯಲ್ಲಿ ಲೋಪಸಂಧಿಗೆ ಒಂದು ಉದಾಹರಣೆ, ಆಗಮಸಂಧಿಗೆ ಒಂದು ಉದಾಹರಣೆ ಬಾಯಿಪಾಠ ಮಾಡಿದ್ದೆ. ಯಾವ ಪದಕ್ಕೆ ಯಾವುದು ಎಂದು ಆಗ ಯಾರೂ ಕೇಳಿರಲಿಲ್ಲ, ಕಿವಿಗೆ ಗೊತ್ತಿತ್ತು. ಯಂತ್ರಕ್ಕೆ ಕಿವಿಯಿಲ್ಲ. ಹಾಗಾಗಿ ಉಕಾರಾಂತ ಪದಗಳಿಗೆ ಒಂದೊಂದಕ್ಕೂ ಗುರುತು ಹಾಕಬೇಕು: ಊರು, ಕಾಲು, ಹಾಡು ಒಂದು ಗುಂಪು, ಕರು, ಗುರು, ಹಸು, ಮಗು ಇನ್ನೊಂದು.

ನಡುವೆ ನನ್ನದೇ ಒಂದು ಎಡವಟ್ಟು. ಪದಗಳ ಕಡತದ ಮೊದಲ ಸಾಲಿನಲ್ಲಿ ಒಂಟಿ ಸಂಖ್ಯೆಯೊಂದಿತ್ತು. ಕಸವೆಂದು ಅಳಿಸಿದೆ. ಪದಕೋಶ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಅದು ಪದಗಳ ಸುಮಾರು ಎಣಿಕೆ, ಇರಲೇಬೇಕು.

ಮೂರನೆಯ ಭಾನುವಾರ

'ಸೂರ್ಯ' ಸರಿ. ದೊಡ್ಡಪ್ಪ ಬರೆದ 'ಸೂರ‍್ಯ' ಕೆಂಪು. ಅವರಿಗೆ ಅರ್ಕಾವತ್ತು ಕಂಡರಾಗದು, ಎಲ್ಲೆಡೆ ಪೂರ್ಣ ರಕಾರಕ್ಕೆ ಯಕಾರದ ಒತ್ತು. ಆ ರೂಪ ಬರಲು ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಕೂರುತ್ತದೆ, ಯುನಿಕೋಡ್‌ನಲ್ಲಿ 200ಡಿ. ಪರೀಕ್ಷಕನಿಗೆ ಅದು ಬೇರೆಯೇ ಪದ. ನಿಯಮಗಳ ಕಡತದಲ್ಲಿ ಇಗ್ನೋರ್ ಎಂಬ ಸಾಲೊಂದನ್ನು ಸೇರಿಸಿ, ಮುಂದೆ ಆ ಕಾಣದ ಅಕ್ಷರವನ್ನು ಇಟ್ಟೆ. ಕಾಣದ್ದನ್ನು ಸರಿಯಾಗಿ ಇಟ್ಟಿದ್ದೇನೆಯೇ ಎಂದು ತಿಳಿಯಲು ಬಾಣದ ಕೀಲಿ ಒತ್ತಿ ಕರ್ಸರ್ ಒಂದು ಹೆಜ್ಜೆ ತಡವರಿಸುತ್ತದೆಯೇ ಎಂದು ನೋಡಿದೆ. ತಡವರಿಸಿತು. ಲ್ಯಾಪ್‌ಟಾಪ್‌ನಲ್ಲಿ ಎರಡು ಸೂರ್ಯರೂ ಈಗ ಸರಿ. ಎಕ್ಸ್‌ಪಿಯಲ್ಲಿ ಮಾತ್ರ ಆ ರೂಪ ಪರದೆಯ ಮೇಲೆ ಸರಿಯಾಗಿ ಮೂಡುತ್ತಿಲ್ಲ. ಬೇರೆ ಫಾಂಟ್ ಹಾಕಿ ನೋಡಬೇಕು.

ಸಂಜೆ ದೊಡ್ಡಪ್ಪ ಎರಡನೆಯ ಅಧ್ಯಾಯ ಓದುತ್ತ ಕುಳಿತಿದ್ದರು. 'ಹೊತ್ತಾರೆ' ಎಂಬ ಪದಕ್ಕೆ ಕೆಂಪು ಗೆರೆ. "ಇದಕ್ಕೆ ಯಾರು ಹೇಳಿದರಂತೆ ಇದು ತಪ್ಪು ಎಂದು?" ಎಂದು ನನ್ನನ್ನೇ ದಿಟ್ಟಿಸಿದರು. ಒಂದು ನೋಟ್‌ಬುಕ್ ಕೊಟ್ಟೆ, ಇಂಥವನ್ನು ಬರೆದಿಡಿ ಎಂದೆ. ಹೊರಡುವ ಹೊತ್ತಿಗೆ ಎರಡು ಪುಟ ತುಂಬಿತ್ತು, ಅದರಲ್ಲಿ ಉಕಾರಾಂತಗಳು ಹದಿನಾಲ್ಕು. ಗುಂಪು ಮಾಡುವ ಕೆಲಸ ಮುಂದಿನ ಶನಿವಾರಕ್ಕೆ.