ಕೆಂಡ ಯಾರ ಕಡೆಗೆ ಬಂತು?

ದೇವರು ಪರಿಶುದ್ಧನು ಅಂದ ತಕ್ಷಣ ನಮ್ಮಲ್ಲಿ ಜಾಸ್ತಿ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನಮ್ಮ ಪಕ್ಕದ ತೋಟದ ಲೈನ್ ಮನೆಯಲ್ಲಿ ಒಬ್ಬ ಅಣ್ಣ ಇದ್ದಾರೆ. ಒಳ್ಳೆ ಕೆಲಸಗಾರ, ಮರಗಸಿ ಮಾಡೋಕೆ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರೋಕೆ, ಅವರನ್ನು ಬಿಟ್ಟರೆ ಇಲ್ಲ. ಆದರೆ ಕೂಲಿ ಕೈಗೆ ಬಂದ ಸಂಜೆ ಅವರನ್ನು ಹಿಡಿಯೋಕಾಗಲ್ಲ. ಕ್ರಿಸ್‌ಮಸ್ ದಿನ ನಮ್ಮ ಚರ್ಚಿನ ಗೇಟಿನ ಹತ್ತಿರ ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತು ಹಾಡು ಕೇಳಿ, ಕೇಕ್ ತಗೊಂಡು ಹೋಗುತ್ತಾರೆ. ಒಳಗೆ ಬನ್ನಿ ಅಣ್ಣ ಅಂದರೆ ಒಂದೇ ಉತ್ತರ: "ಕುಡಿಯೋದು ಬಿಟ್ಟ ಮೇಲೆ ಬರ್ತೀನಿ. ಈ ಬಾಯಲ್ಲಿ ಹೆಂಗೆ ಹಾಡೋದು?"

ಇದೇ ಮಾತನ್ನು ಬೈಬಲಿನ ಪ್ರವಾದಿ ಯೆಶಾಯನೂ ಹೇಳಿದ್ದ ಅಲ್ವಾ? ಉಜ್ಜೀಯ ಅರಸ ಸತ್ತ ವರ್ಷ. ಯೆಶಾಯ ದೇವರ ಸಿಂಹಾಸನ ನೋಡುತ್ತಾನೆ, ಹೊಸ್ತಿಲು ಅಲುಗುತ್ತದೆ, ದೇವಾಲಯದ ತುಂಬ ಹೊಗೆ. ಮೇಲೆ ಸೆರಾಫಿಯರು ಅನ್ನೋ ದೇವದೂತರು, ಒಬ್ಬೊಬ್ಬರಿಗೆ ಆರು ರೆಕ್ಕೆ. ಹಾರೋಕೆ ಎರಡು ಸಾಕು, ಎರಡರಿಂದ ಮುಖ ಮುಚ್ಚಿಕೊಂಡಿದ್ದಾರೆ, ಇನ್ನೆರಡರಿಂದ ಕಾಲು. ಪಾಪ ಅಂದರೆ ಏನು ಅಂತ ಗೊತ್ತಿಲ್ಲದವರೇ ಮುಖ ಮುಚ್ಚಿಕೊಂಡ ಜಾಗ ಅದು. ಯೆಶಾಯ ಕೂಗಿಕೊಳ್ಳುತ್ತಾನೆ, ಅಯ್ಯೋ, ನಾನು ಕೆಟ್ಟೆ, ನನ್ನ ತುಟಿ ಹೊಲಸು ಅಂತ. ಪ್ರವಾದಿಗೆ ಬಾಯೇ ಬಂಡವಾಳ, ನೋಡಿ. ತನ್ನಲ್ಲಿ ಅತಿ ಒಳ್ಳೆಯದು ಅಂದುಕೊಂಡಿದ್ದೇ ಆ ಬೆಳಕಿನಲ್ಲಿ ಹೊಲಸಾಗಿ ಕಂಡಿತು.

ಬಾಯಿ ತೊಳೆದುಕೊಂಡು ಬಾ ಅಂತ ಯಾರೂ ಅವನನ್ನು ಹೊರಗೆ ಕಳಿಸಲಿಲ್ಲ. ಒಬ್ಬ ಸೆರಾಫಿ ಯಜ್ಞವೇದಿಯಿಂದ ಇಕ್ಕಳದಲ್ಲಿ ಕೆಂಡ ತೆಗೆದು, ಅವನ ಹತ್ತಿರ ಹಾರಿ ಬಂದು, ತುಟಿಗೆ ಮುಟ್ಟಿಸಿದ. ನಿನ್ನ ಪಾಪ ಹೋಯಿತು ಅಂದ. ನಡೆದು ಬಂದದ್ದು ಯೆಶಾಯ ಅಲ್ಲ. ಕೆಂಡವೇ ಅವನಿದ್ದ ಕಡೆಗೆ ಬಂತು. ಅದೂ ಎಲ್ಲಿಂದ? ಪಾಪಕ್ಕಾಗಿ ಬಲಿ ಉರಿಯುವ ವೇದಿಯಿಂದ.

ಬೈಬಲಿನಲ್ಲೇ ಇನ್ನೊಬ್ಬ ಪ್ರವಾದಿ ಹಗ್ಗಾಯನ ಪುಸ್ತಕದಲ್ಲಿ ಯಾಜಕರಿಗೆ ಒಂದು ಪ್ರಶ್ನೆ ಕೇಳುತ್ತಾರೆ. ಪವಿತ್ರ ಮಾಂಸ ಕಟ್ಟಿಕೊಂಡ ಸೆರಗು ರೊಟ್ಟಿಗೆ ತಗುಲಿದರೆ ರೊಟ್ಟಿ ಪವಿತ್ರ ಆಗುತ್ತಾ? ಇಲ್ಲ. ಹೆಣ ಮುಟ್ಟಿದವನು ಅದೇ ರೊಟ್ಟಿ ಮುಟ್ಟಿದರೆ ಅಶುದ್ಧ ಆಗುತ್ತಾ? ಆಗುತ್ತದೆ. ಮೈಲಿಗೆ ಹರಡುತ್ತದೆ, ಶುದ್ಧಿ ಹರಡಲ್ಲ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಮುಟ್ಟಬೇಡ ಅನ್ನೋದನ್ನು ಹುಟ್ಟಿನಿಂದ ನೋಡಿದ ಊರು ನಮ್ಮದು.

ಈಗ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯಕ್ಕೆ ಬನ್ನಿ. ಕುಷ್ಠರೋಗಿಯೊಬ್ಬ ಯೇಸುವಿನ ಮುಂದೆ ಮೊಣಕಾಲೂರುತ್ತಾನೆ, ನಿನಗೆ ಮನಸ್ಸಿದ್ದರೆ ನನ್ನನ್ನು ಶುದ್ಧ ಮಾಡಬಲ್ಲೆ ಅಂತಾನೆ. ದೂರದಿಂದ ಒಂದು ಮಾತು ಹೇಳಿದ್ದರೂ ಸಾಕಿತ್ತು, ಶತಾಧಿಪತಿಯ, ಅಂದರೆ ರೋಮನ್ ಸೇನಾಧಿಕಾರಿಯ, ಆಳನ್ನು ವಾಸಿ ಮಾಡಿದ್ದು ಹಾಗೇ ತಾನೇ. ಆದರೆ ಇಲ್ಲಿ ಯೇಸು ಮೊದಲು ಕೈ ಚಾಚಿ ಮುಟ್ಟಿದ, ಆಮೇಲೆ ಮಾತಾಡಿದ. ಮೈಲಿಗೆ ಆ ಕಡೆಯಿಂದ ಈ ಕಡೆ ಬರಲಿಲ್ಲ, ಶುದ್ಧಿಯೇ ಈ ಕಡೆಯಿಂದ ಆ ಕಡೆ ಹೋಯಿತು. ಅಧ್ಯಾಯದ ಕೊನೆಯ ವಚನವನ್ನು ಸುಮಾರು ಜನ ಸುಮ್ನೆ ದಾಟಿ ಹೋಗುತ್ತಾರೆ: ವಾಸಿಯಾದವನು ಊರೆಲ್ಲ ಸುದ್ದಿ ಹಬ್ಬಿಸಿದ್ದರಿಂದ ಯೇಸು ಊರೊಳಗೆ ಬಹಿರಂಗವಾಗಿ ಕಾಲಿಡೋಕಾಗದೆ ಅಡವಿಯ ಜಾಗಗಳಲ್ಲಿ ಇರಬೇಕಾಯಿತು. ಹೊರಗಿದ್ದವನು ಒಳಗೆ ಹೋದ, ಒಳಗಿರಬೇಕಾದವನು ಹೊರಗೆ ಉಳಿದ. ನನ್ನ ಪ್ರಕಾರ ಶಿಲುಬೆಯ ಪೂರ್ತಿ ಲೆಕ್ಕ ಇಲ್ಲೇ ಇದೆ. ಯೇಸು ಪಟ್ಟಣದ ಬಾಗಿಲ ಹೊರಗೆ ಸತ್ತ ಅಂತ ಬೈಬಲಿನ ಇಬ್ರಿಯರ ಪತ್ರ ಹೇಳೋದು ಸುಮ್ನೆ ವಿಳಾಸ ತಿಳಿಸೋಕಲ್ಲ.

ಹಾಗಾದರೆ ಪಾಪ ಅಂದರೆ ಅಷ್ಟೇನಾ, ದೇವರು ಪ್ರೀತಿ, ಎಲ್ಲ ಮಾಫಿ? ಹಾಗೆ ಹೇಳುವವರೂ ಇದ್ದಾರೆ, ಯೂಟ್ಯೂಬಿನಲ್ಲಂತೂ ಬೇಕಾದಷ್ಟು. ನನಗೆ ಒಪ್ಪಿಗೆ ಇಲ್ಲ. ಮಾಫಿ ಅಷ್ಟು ಅಗ್ಗ ಆಗಿದ್ದರೆ ಶಿಲುಬೆ ಯಾಕೆ ಬೇಕಿತ್ತು? ಸಾಲ ಮನ್ನಾ ಆಯಿತು ಅಂದರೆ ಕೊಟ್ಟವನ ಕೈಯಿಂದ ಅಷ್ಟು ದುಡ್ಡು ಹೋಯಿತು ಅಂತಲೇ ಅರ್ಥ. ಇನ್ನೊಂದು ಕಡೆ, ಕೋಪಗೊಂಡ ದೇವರು ಯಾರೋ ಅಮಾಯಕನನ್ನು ಹಿಡಿದು ಹೊಡೆದ ಅನ್ನೋ ಥರ ಬೋಧಿಸುವವರೂ ಇದ್ದಾರೆ. ಯೇಸು ಯಾರೋ ಮೂರನೆಯವನಲ್ಲ, ದೇವರೇ ಮನುಷ್ಯನಾಗಿ ಬಂದ ಅನ್ನೋದು ಕ್ರೈಸ್ತ ನಂಬಿಕೆ. ಅದನ್ನು ಬಿಟ್ಟರೆ ಉಳಿಯೋದು ಬರೀ ಕ್ರೌರ್ಯ.

1850ರ ದಶಕದಲ್ಲಿ ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ ಕೊಡಗಿಗೆ ಬಂದರು, 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದವರೇ. ಅವರು ಅಲ್ಲಿ ಆನಂದಪುರ ಅನ್ನೋ ಊರು ಕಟ್ಟಿ ನೆಲೆ ಕೊಟ್ಟಿದ್ದು ದಲಿತ ಕೂಲಿ ಕುಟುಂಬಗಳಿಗೆ. ಬೇರೆಯವರ ಅಂಗಳದ ಆಚೆ ನಿಂತೇ ಬದುಕಿದ ಜನಕ್ಕೆ, ಯೇಸು ಕೈ ಚಾಚಿ ಮುಟ್ಟಿದ ಅನ್ನೋ ಸಾಲು ಹೇಗೆ ಕೇಳಿಸಿರಬಹುದು! ಪೀಠದಲ್ಲಿ ಆರಾಮಾಗಿ ಕೂತ ನಮಗಿಂತ ಅವರಿಗೆ ಬೇಗ ಅರ್ಥ ಆಗಿರುತ್ತದೆ.

ನಮ್ಮ ಅಣ್ಣನ ವಿಷಯದಲ್ಲಿ ಕ್ರಮ ತಲೆಕೆಳಗಾಗಿದೆ, ಅಷ್ಟೇ. ಯೆಶಾಯನಿಗೆ ಮೊದಲು ಕೆಂಡ ಬಂತು. ನಾನಿದ್ದೇನೆ, ನನ್ನನ್ನು ಕಳುಹಿಸು ಅಂತ ಅವನು ಎದ್ದು ನಿಂತಿದ್ದು ಆಮೇಲೆ. ಕುಡಿತ ಬಿಡುವುದು ಬೇಡ ಅಂತ ಅಲ್ಲ, ಬಿಡಲೇಬೇಕು, ಡಾಕ್ಟರ ಹತ್ತಿರ ಹೋಗೋದೂ ಬೇಕು. ಕೆಂಡ ತುಟಿ ಸುಡದೆ ಇರುತ್ತಾ? ಆದರೆ ಕುಡಿತ ಬಿಡೋದು ಒಳಗೆ ಬರೋಕೆ ಟಿಕೆಟ್ ಅಲ್ಲ.